ಹಳೇ ಮನೆಯ ಮಹಡಿ ಬಾತ್‌ಟಬ್ ತಡೆಯುತ್ತಾ? ಮೈಸೂರಿನಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿ ನೋಡಿಸಿದ್ದರ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ಹಳೇ ಮನೆಯ ಮಹಡಿಯಲ್ಲಿ ಬಾತ್‌ಟಬ್ ಇಡಬೇಕು ಅಂತಿದ್ದರೆ, ಟಬ್ ಅಂಗಡಿಗೆ ಹೋಗುವ ಮುಂಚೆ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರನ್ನು ಮನೆಗೆ ಕರೆಸಿ. ಫೋನಿನಲ್ಲೇ ಕೇಳಿ ಹೇಳಿಬಿಡುವವರು ಬೇಡ, ಮನೆಗೆ ಬಂದು ತೊಲೆಯನ್ನು ಮುಟ್ಟಿ ನೋಡುವವರು ಬೇಕು. ನಾವು ಕರೆಸಿದೆವು. ಒಟ್ಟು 12,000 ರೂಪಾಯಿ ಆಯಿತು, ಒಂದು ರೂಪಾಯಿಯೂ ದಂಡ ಅನ್ನಿಸಲಿಲ್ಲ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಯಾಕೆ ಕಡಿಮೆ ಅಂತ ಮುಂದೆ ಬರುತ್ತದೆ. ಹೆಸರು ಇಲ್ಲಿ ಹಾಕುತ್ತಿಲ್ಲ, ಅವರನ್ನು ಕೇಳದೆ ಹಾಕುವುದು ಸರಿಯಲ್ಲ. ಇಂಜಿನಿಯರ್ ಮೇಡಂ ಅಂತಲೇ ಬರೆಯುತ್ತೇನೆ. ಅವರು ಏನೇನು ಮಾಡಿದರು ಅಂತ ಗೊತ್ತಾದರೆ ನಿಮ್ಮ ಊರಿನಲ್ಲೂ ಅದೇ ತರ ಕೆಲಸ ಮಾಡುವವರನ್ನು ಹುಡುಕಿಕೊಳ್ಳಬಹುದು.

ನಮ್ಮದು ಮೈಸೂರಿನ ಚಾಮರಾಜಪುರಂ ಕಡೆಯ ಮನೆ, ತಾತನ ಕಾಲದ್ದು. ಕೆಳಗೊಂದು ಮನೆ, ಮೇಲೊಂದು ಮಹಡಿ, ಅದರ ಮೇಲೆ ಬಯಲು ತಾರಸಿ. ಎರಡು ನೆಲವೂ ಮದ್ರಾಸ್ ತಾರಸಿ ಮಾದರಿಯವು. ನೋಡದೆ ಇರುವವರಿಗೆ ಹೇಳುತ್ತೇನೆ: ಗೋಡೆಯಿಂದ ಗೋಡೆಗೆ ಒಂದೂವರೆ ಅಡಿಗೊಂದರಂತೆ ತೇಗದ ತೊಲೆ ಇಡುತ್ತಾರೆ. ಅದರ ಮೇಲೆ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆ ಸಾಲಿನಲ್ಲಿ, ಸುಣ್ಣದ ಗಾರೆ ಹಾಕಿ ಕೂರಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿಗೆ ಸುಣ್ಣ ಕಲಸಿ ಹಾಕಿ, ದಿನಗಟ್ಟಲೆ ಬಡಿದು ಗಟ್ಟಿ ಮಾಡುತ್ತಾರೆ. ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸುತ್ತಿದ್ದ ಕಾಲ ಅದು. ಒಳಗೆ ಕಬ್ಬಿಣದ ಒಂದು ಸರಳೂ ಇರುವುದಿಲ್ಲ. ಹಾಗಾಗಿ ಇವತ್ತಿನ ಆರ್‌ಸಿಸಿ ಲೆಕ್ಕ ಇಟ್ಟುಕೊಂಡು ಈ ನೆಲದ ಬಗ್ಗೆ ಮಾತಾಡಿದರೆ ಎಲ್ಲವೂ ತಪ್ಪುತ್ತದೆ.

ಟಬ್ ಬೇಕಾಗಿದ್ದು ಅಕ್ಕನಿಗೆ. ಸೊಂಟ ನೋವು ಹಳೆಯದು, ಬಿಸಿನೀರಿನಲ್ಲಿ ಅರ್ಧ ಗಂಟೆ ಕೂತರೆ ಆ ದಿನ ಪೂರ್ತಿ ಹಾಯಾಗಿ ಓಡಾಡುತ್ತಾಳೆ. ಇನ್ನು ಮುಂದೆ ಮಹಡಿಯಲ್ಲೇ ಇರುತ್ತೇನೆ ಅಂದಳು, ಅಲ್ಲಿರುವ ಪಕ್ಕದ ಕೋಣೆಯನ್ನು ಬಾತ್‌ರೂಮ್ ಮಾಡಿಕೊಡೋಣ ಅಂತ ಹೊರಟೆವು.

ಅಪ್ಪ ಒಪ್ಪಲಿಲ್ಲ. 2012ರ ಆಗಸ್ಟಿನಲ್ಲಿ ನಮ್ಮೂರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ಕು ಜನ ಸತ್ತಿದ್ದು, 2016ರ ಆಗಸ್ಟಿನಲ್ಲಿ ಹಳೇ ದೇವರಾಜ ಮಾರ್ಕೆಟ್ಟಿನ ಒಂದು ಭಾಗ ಕುಸಿದಿದ್ದು ಮೈಸೂರಿನವರು ಯಾರೂ ಮರೆತಿಲ್ಲ. ಎರಡೂ ಮಳೆಗಾಲದಲ್ಲಿ ಆಗಿದ್ದು. ಅಪ್ಪನ ಭಯಕ್ಕೆ ಕಾರಣ ಇತ್ತು. "ನೂರು ವರ್ಷದ ಮರ, ಅದರ ಮೇಲೆ ನೀರಿನ ತೊಟ್ಟಿ ಇಡ್ತೀರಾ?" ಅಂತ ಕೇಳಿದರು.

ಆ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಿಕೊಂಡು ಹೊರಟರೆ ಸಿಕ್ಕಿದ್ದೆಲ್ಲ ಬಾಯಿಮಾತು. ಟಬ್ ಅಂಗಡಿಯವರು, ಹೆಸರು ಬೇಡ, "ಹಳೇ ಕಾಲದ ನೆಲ ಸಾರ್, ಒಂದು ಟನ್ ಇಟ್ಟರೂ ಏನೂ ಆಗಲ್ಲ" ಅಂದರು. ಮನೆಯನ್ನು ನೋಡದೆ ಹೇಳಿದ ಮಾತು ಅದು. ಮನೆ ರಿಪೇರಿ ಮಾಡಿಸಿಕೊಡುವ ಇನ್ನೊಂದು ಕಡೆಯವರು ವಾಟ್ಸಾಪಿನಲ್ಲಿ ಫೋಟೋ ತರಿಸಿಕೊಂಡು, ಮರದ ತಾರಸಿ ಪೂರ್ತಿ ತೆಗೆದು ಆರ್‌ಸಿಸಿ ಹಾಕಬೇಕು ಅಂತ ಲಕ್ಷಗಟ್ಟಲೆ ಎಸ್ಟಿಮೇಟ್ ಕಳಿಸಿದರು. ಒಬ್ಬರು ಏನೂ ಬೇಡ ಅಂತಾರೆ, ಇನ್ನೊಬ್ಬರು ಎಲ್ಲ ಒಡೀಬೇಕು ಅಂತಾರೆ, ಇಬ್ಬರೂ ಏಣಿ ಹತ್ತಿ ಒಂದು ತೊಲೆ ನೋಡಿದವರಲ್ಲ. ನಮ್ಮ ಗಾರೆ ಮೇಸ್ತ್ರಿ ಮಾತ್ರ ಸ್ವಲ್ಪ ಬುದ್ಧಿ ಓಡಿಸಿ ಮಾತಾಡಿದರು. "ದಸರಾದಲ್ಲಿ ಗೊಂಬೆ ಕೂರಿಸಿದಾಗ ಮೇಲೆ ಎಷ್ಟು ಜನ ಸೇರ್ತಾರೆ ನೋಡಿ ಸಾರ್, ಅದಕ್ಕಿಂತ ಟಬ್ ಭಾರಾನಾ?" ಅಂದರು.

ಮಾತು ಒಳ್ಳೆಯದೇ. ಇಪ್ಪತ್ತು ಜನ ಕೂತರೆ 1,300 ಕೆಜಿ ಆಗುತ್ತದೆ. ಆದರೆ ಜನ ಕೋಣೆ ತುಂಬ ಹರಡಿ ಕೂರುತ್ತಾರೆ, ಎದ್ದು ಹೋಗುತ್ತಾರೆ. ಟಬ್ ಒಂದೇ ಜಾಗದಲ್ಲಿ, ಅದೇ ಎರಡು ಮೂರು ತೊಲೆ ಮೇಲೆ, ವರ್ಷಗಟ್ಟಲೆ ಕೂತಿರುತ್ತದೆ. ಮೇಸ್ತ್ರಿಯ ಮಾತಿಗೆ ಇಂಜಿನಿಯರ್ ಮೇಡಂ ಕೊಟ್ಟ ಉತ್ತರ ಇದು, ಆಮೇಲೆ ಮೇಸ್ತ್ರಿಯೂ ಹೌದಂದರು.

ಮೇಡಂ ಬಂದ ದಿನ ಮೊದಲು ಮಹಡಿ ಹತ್ತಲೇ ಇಲ್ಲ. ಕೆಳಗಿನ ನಡುಮನೆಯಲ್ಲಿ ನಿಂತು ಮೇಲೆ ನೋಡಿದರು. ತೊಲೆಗಳು ಯಾವ ಕಡೆಯಿಂದ ಯಾವ ಕಡೆಗೆ ಓಡುತ್ತವೆ, ಯಾವ ಗೋಡೆ ಮೇಲೆ ಕೂತಿವೆ, ಆ ಗೋಡೆ ಎಷ್ಟು ದಪ್ಪ, ಅದರಲ್ಲಿ ಎಲ್ಲಾದರೂ ಬಿರುಕು ಇದೆಯಾ ಅಂತ ಒಂದೊಂದಾಗಿ ಬರೆದುಕೊಂಡರು. ಆಮೇಲೆ ಮನೆಯ ಹೊರಗೆ ಹೋಗಿ ಮಳೆನೀರಿನ ಪೈಪು ಎಲ್ಲಿ ಇಳಿದಿದೆ ಅಂತ ನೋಡಿದರು. ಆಗ ನನಗೆ ಇದಕ್ಕೂ ಟಬ್ಬಿಗೂ ಏನು ಸಂಬಂಧ ಅನ್ನಿಸಿತು. ಆಮೇಲೆ ತಾರಸಿಗೆ ಹೋಗಿ "ಈ ಸಿಂಟೆಕ್ಸ್ ಎಷ್ಟು ಲೀಟರಿನದು?" ಅಂತ ಕೇಳಿದರು. ಸಾವಿರ ಲೀಟರಿನದು. ತುಂಬಿದಾಗ ಒಂದು ಟನ್ ಮೇಲೆ, ಹಗಲು ರಾತ್ರಿ ಅಲ್ಲೇ ಇರುತ್ತದೆ. ಪಕ್ಕದಲ್ಲಿ ಸೋಲಾರಿನ 200 ಲೀಟರ್ ಟ್ಯಾಂಕು ಬೇರೆ. ಟಬ್ಬಿಗೆ ಇಷ್ಟು ಯೋಚನೆ ಮಾಡುವ ನಾವೆಲ್ಲ ತಾರಸಿ ಮೇಲೆ ಟ್ಯಾಂಕ್ ಇಡುವಾಗ ಯಾರನ್ನೂ ಒಂದು ಮಾತು ಕೇಳುವುದಿಲ್ಲ, ಪ್ಲಂಬರ್ ತೋರಿಸಿದ ಜಾಗಕ್ಕೆ ಇಟ್ಟುಬಿಡುತ್ತೇವೆ. ನಮ್ಮದು ಪುಣ್ಯಕ್ಕೆ ಎರಡು ದಪ್ಪ ಗೋಡೆ ಕೂಡುವ ಮೂಲೆಯಲ್ಲಿತ್ತು. ಅಲ್ಲೇ ಇರಲಿ, ಕೋಣೆಯ ನಡುವಿಗೆ ಮಾತ್ರ ಎಂದೂ ಸರಿಸಬೇಡಿ ಅಂದರು.

ಆಮೇಲೆ ಏಣಿ ಹಾಕಿಸಿಕೊಂಡು ಒಂದೊಂದು ತೊಲೆಯನ್ನೂ ನೋಡಿದರು. ಅಗಲ, ಎತ್ತರ, ಎರಡು ತೊಲೆ ನಡುವಿನ ಅಂತರ, ಎಲ್ಲಕ್ಕೂ ಟೇಪು ಹಿಡಿದರು. ನಮ್ಮ ತೊಲೆಗಳು ಸುಮಾರು ನಾಲ್ಕು ಇಂಚು ಅಗಲ, ಏಳು ಇಂಚು ಎತ್ತರ, ಹತ್ತಡಿ ಉದ್ದ. ಗೋಡೆಯಿಂದ ಗೋಡೆಗೆ ದಾರ ಎಳೆದು ನಡುವೆ ಎಷ್ಟು ಬಾಗಿದೆ ಅಂತ ಅಳೆದರು. ಸುತ್ತಿಗೆ ಹಿಡಿಯಿಂದ ತೊಲೆಯ ಉದ್ದಕ್ಕೂ ಬಡಿಯುತ್ತಾ ಹೋದರು. ಒಳ್ಳೆ ಮರ ಠಣ್ ಅನ್ನುತ್ತದೆ, ಕೆಟ್ಟಿದ್ದರೆ ಸದ್ದು ಮಂಕಾಗುತ್ತದೆ, ಪಕ್ಕದಲ್ಲಿ ನಿಂತವರಿಗೂ ಗೊತ್ತಾಗುವಷ್ಟು ವ್ಯತ್ಯಾಸ. ಮರದ ತೇವ ಅಳೆಯುವ ಸಣ್ಣ ಮೀಟರ್ ಇತ್ತು, ಅದರ ಎರಡು ಮುಳ್ಳು ಚುಚ್ಚಿ ನೋಡಿದರು. ನಡುವೆ ಎಲ್ಲ ಕಡೆ ಶೇಕಡಾ 12, 13. ಶೇಕಡಾ 20 ದಾಟಿದರೆ ಮರ ಕೊಳೆಯುವುದಕ್ಕೆ ಶುರುವಾಗುತ್ತದೆ ಅಂದರು.

ಪಶ್ಚಿಮದ ಗೋಡೆ ಹತ್ತಿರ ಬಂದಾಗ ಸದ್ದು ಬದಲಾಯಿತು. ಒಂದು ತೊಲೆ ಗೋಡೆಯೊಳಗೆ ಹೋಗುವ ಕಡೆ ಮೀಟರ್ ಶೇಕಡಾ 26 ತೋರಿಸಿತು. ಮೇಡಂ ಸ್ಕ್ರೂಡ್ರೈವರ್ ತೆಗೆದುಕೊಂಡು ಮೆತ್ತಗೆ ಒತ್ತಿದರು. ಎರಡು ಇಂಚು ಸಲೀಸಾಗಿ ಒಳಗೆ ಹೋಯಿತು. ಈಚೆ ಎಳೆದಾಗ ತುದಿಗೆ ಕಪ್ಪು ಕಂದು ಪುಡಿ ಅಂಟಿತ್ತು, ಒದ್ದೆಯಾಗಿ. ಮೇಲಿನಿಂದ ಬಣ್ಣ ಹೊಡೆದಿದ್ದರಿಂದ ಹೊರಗೆ ಏನೂ ಕಾಣುತ್ತಿರಲಿಲ್ಲ. ಅದರ ಪಕ್ಕದ ತೊಲೆಯೂ ಹಾಗೇ, ಸ್ವಲ್ಪ ಕಡಿಮೆ. ಆ ಗೋಡೆಯ ಹೊರಗೆ ಸರಿಯಾಗಿ ಅದೇ ಜಾಗದಲ್ಲಿ ಹಳೇ ಮಳೆನೀರಿನ ಪೈಪಿನ ಜಾಯಿಂಟ್. ಎಷ್ಟೋ ಮಳೆಗಾಲ ಅಲ್ಲಿ ಸೋರಿದ ನೀರು ಗೋಡೆ ಹೀರಿಕೊಂಡು ತೊಲೆಯ ತುದಿಗೆ ಕೊಟ್ಟಿದೆ. ತೇಗ ಕೆಡುವುದಿಲ್ಲ ಅಂತ ನಾವೆಲ್ಲ ನಂಬಿರುತ್ತೇವೆ. ತೇಗದ ತಿರುಳು ಗಟ್ಟಿ, ನಿಜ. ಹೊರಗಿನ ಬಿಳಿ ಭಾಗ ಅಷ್ಟು ಗಟ್ಟಿಯಲ್ಲ, ಮತ್ತೆ ವರ್ಷಗಟ್ಟಲೆ ಒದ್ದೆ ಗೋಡೆಯೊಳಗೆ ಗಾಳಿ ಇಲ್ಲದೆ ಇದ್ದರೆ ಯಾವ ಮರವೂ ತಡೆಯುವುದಿಲ್ಲ.

ಈ ವಿಷಯ ಎಲ್ಲರೂ ತಿಳಿದುಕೊಳ್ಳಬೇಕು ಅಂತಲೇ ಇಷ್ಟುದ್ದ ಬರೆಯುತ್ತಿರುವುದು. ತೂಕದ ಲೆಕ್ಕದ ಪ್ರಕಾರ ಟಬ್ ಇಡಲು ಅತಿ ಒಳ್ಳೆ ಜಾಗ ಗೋಡೆಯ ಪಕ್ಕ, ತೊಲೆ ಕೂತಿರುವ ತುದಿಯ ಹತ್ತಿರ. ಆದರೆ ಹಳೇ ಮನೆಯಲ್ಲಿ ಮೊದಲು ಕೊಳೆಯುವುದೂ ಅದೇ ತುದಿ. ಕಾಗದದ ಮೇಲೆ ಲೆಕ್ಕ ಹಾಕಿ "ಗೋಡೆ ಪಕ್ಕ ಇಡಿ" ಅಂತ ಹೇಳಿಬಿಟ್ಟಿದ್ದರೆ ನಾವು ಕೊಳೆತ ತೊಲೆಯ ಮೇಲೇ ಸರಿಯಾಗಿ ಇಡುತ್ತಿದ್ದೆವು.

ಈಗ ತೂಕದ ವಿಷಯ. ಮೇಡಂ ನಮ್ಮನ್ನೆಲ್ಲ ಊಟದ ಮೇಜಿನ ಸುತ್ತ ಕೂರಿಸಿಕೊಂಡು ಲೆಕ್ಕ ತೋರಿಸಿದರು, ಅಪ್ಪನಿಗೂ ಅರ್ಥವಾಗುವ ಹಾಗೆ. ನಾವು ನೋಡಿದ್ದು ಅಕ್ರಿಲಿಕ್ ಟಬ್, ಐದೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲ. ಖಾಲಿ ಟಬ್ 40 ಕೆಜಿ. ನೀರು 220 ಲೀಟರ್, ಅಂದರೆ 220 ಕೆಜಿ. ಒಳಗೆ ಕೂರುವವರು 75 ಕೆಜಿ. ಒಟ್ಟು 335. ನಿಜ ಹೇಳಬೇಕಂದರೆ ಅಷ್ಟು ಆಗುವುದಿಲ್ಲ, ತುಂಬಿದ ಟಬ್ಬಿನಲ್ಲಿ ಮನುಷ್ಯ ಕೂತರೆ ಹೆಚ್ಚುಕಡಿಮೆ ಅಷ್ಟೇ ತೂಕದ ನೀರು ಆಚೆ ಹೋಗುತ್ತದೆ, ಅಲ್ವಾ. ಆದರೂ ಸುರಕ್ಷತೆಗೆ ಪೂರ್ತಿ ಹಿಡಿದರು. ಅದನ್ನು ಟಬ್ಬಿನ ಜಾಗಕ್ಕೆ ಹಂಚಿದರೆ ಒಂದು ಚದರ ಮೀಟರಿಗೆ ಸುಮಾರು 260 ಕೆಜಿ. ನಮ್ಮ ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗ ಮನೆಯ ಕೋಣೆಗೂ ಬಾತ್‌ರೂಮಿಗೂ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆಜಿ ಹಿಡಿಯಬೇಕು ಅನ್ನುತ್ತದೆ. ಟಬ್ಬಿನ ಅಡಿಯ ಜಾಗದಲ್ಲಿ ಸ್ವಲ್ಪ ಜಾಸ್ತಿ, ಆದರೆ ಅಕ್ಕಪಕ್ಕ ಖಾಲಿ. ಮದ್ರಾಸ್ ತಾರಸಿಯ ಸ್ವಂತ ತೂಕವೇ ಚದರ ಮೀಟರಿಗೆ 350ರಿಂದ 400 ಕೆಜಿ ಇರುತ್ತದೆ, ಅಷ್ಟನ್ನು ಹೊತ್ತುಕೊಂಡು ನಮ್ಮ ತೊಲೆಗಳು ಇಷ್ಟು ವರ್ಷ ಹೆಚ್ಚು ಬಾಗದೆ ನಿಂತಿವೆ. ಎರಕದ ಕಬ್ಬಿಣದ ಟಬ್ ಆದರೆ ಬೇರೆ ಮಾತು, ಖಾಲಿ ಟಬ್ಬೇ 130, 150 ಕೆಜಿ ಇರುತ್ತದೆ. ಅದು ಬೇಡವೇ ಬೇಡ ಅಂದರು.

"ಹಾಗಾದ್ರೆ ಇಡಬಹುದಾ?" ಅಂದರು ಅಪ್ಪ. "ಟಬ್ ಇಡಬಹುದು ಸಾರ್, ನೀವು ಅದರ ಸುತ್ತ ಏನು ಕಟ್ಟಿಸ್ತೀರಿ ಅಂತ ಹೇಳಿ ಮೊದಲು" ಅಂದರು ಮೇಡಂ.

ಮೇಸ್ತ್ರಿಯ ಪ್ಲಾನ್ ಹೀಗಿತ್ತು. ಪೈಪು ಹೋಗಲು ಬಾತ್‌ರೂಮಿನ ನೆಲವನ್ನು ಎಂಟು ಇಂಚು ಎತ್ತರಿಸಿ ತುಂಡು ಇಟ್ಟಿಗೆ ತುಂಬುವುದು, ಎರಡು ಕಡೆ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಏಳಿಸುವುದು, ಟಬ್ಬಿನ ಮುಂದೆ ಮತ್ತೆ ಪಕ್ಕಕ್ಕೆ ಇಟ್ಟಿಗೆ ಕಟ್ಟಿ ಟೈಲ್ಸ್ ಹಾಕುವುದು. ಎಲ್ಲ ಕಡೆ ಮಾಡುವ ಕೆಲಸವೇ. ಮೇಡಂ ಅದಕ್ಕೆ ಲೆಕ್ಕ ಹಾಕಿದರು. ಆರಡಿ ಎಂಟಡಿ ಬಾತ್‌ರೂಮಿಗೆ ಎಂಟು ಇಂಚು ಇಟ್ಟಿಗೆ ತುಂಡು ತುಂಬಿದರೆ ಸುಮಾರು 1,400 ಕೆಜಿ. ಎರಡು ಕಡೆಯ ಗೋಡೆ, ಗಾರೆ ಸೇರಿ, ಎರಡೂವರೆ ಟನ್ ಮೀರುತ್ತದೆ. ಟಬ್ಬಿನ ಸುತ್ತ ಕಟ್ಟುವ ಗಿಡ್ಡ ಗೋಡೆಯೇ 250 ಕೆಜಿ, ಅಂದರೆ ಟಬ್ಬಿನ ನೀರಿಗಿಂತ ಜಾಸ್ತಿ! ನಾವೆಲ್ಲ 335 ಕೆಜಿ ಟಬ್ ಬಗ್ಗೆ ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದೆವು. ಅದರ ಹೆಸರಿನಲ್ಲಿ ನಾಲ್ಕು ಟನ್ ಮೇಲೇರುತ್ತಿತ್ತು. ಅದೂ ದಿನಕ್ಕೆ ಅರ್ಧ ಗಂಟೆ ಬಂದು ಹೋಗುವ ಭಾರ ಅಲ್ಲ, ಒಮ್ಮೆ ಏರಿದರೆ ಇಳಿಯದ ಭಾರ. ಮರದ ವಿಷಯದಲ್ಲಿ ಈ ವ್ಯತ್ಯಾಸ ದೊಡ್ಡದು. ಸ್ವಲ್ಪ ಹೊತ್ತಿನ ಭಾರವನ್ನು ಮರ ಚೆನ್ನಾಗಿ ತಡೆಯುತ್ತದೆ. ಸದಾ ಹೊತ್ತಿರುವ ಭಾರಕ್ಕೆ ವರ್ಷ ಕಳೆದಂತೆ ನಿಧಾನವಾಗಿ ಬಾಗುತ್ತಾ ಹೋಗುತ್ತದೆ.

ಮೇಸ್ತ್ರಿ ಆ ಲೆಕ್ಕವನ್ನು ಎರಡು ಸಲ ಓದಿ ನೋಡಿ, "ಈ ತರ ಯಾರೂ ಹೇಳಿರಲಿಲ್ಲ ಮೇಡಂ" ಅಂದರು. ಅವರನ್ನು ಬೈಯದೆ, ಅವರ ಅನುಭವವನ್ನು ತಳ್ಳಿಹಾಕದೆ, ಜೊತೆಗೇ ಕೂತು ಪ್ಲಾನ್ ಬದಲಾಯಿಸಿದ ರೀತಿ ನನಗೆ ತುಂಬ ಹಿಡಿಸಿತು. ಹಳೇ ಮನೆ ಕೆಲಸದಲ್ಲಿ ಇಂಜಿನಿಯರ್ ಬರೆದಿದ್ದನ್ನು ಕೈಯಲ್ಲಿ ಮಾಡುವವರು ಮೇಸ್ತ್ರಿ. ಅವರಿಗೆ ಒಪ್ಪಿಗೆಯಾಗದ ಮಾತು ಗೋಡೆಗೆ ಇಳಿಯುವುದಿಲ್ಲ.

ಬದಲಾದ ಪ್ಲಾನಿನಲ್ಲಿ ಇಟ್ಟಿಗೆ ಗೋಡೆ ಹೋಗಿ ಕಬ್ಬಿಣದ ತೆಳು ಫ್ರೇಮಿಗೆ ಎರಡೂ ಕಡೆ ಸಿಮೆಂಟ್ ಬೋರ್ಡ್ ಬಂತು. ಟೈಲ್ಸ್ ಬಿಟ್ಟು ಅದು 350 ಕೆಜಿ ಆಸುಪಾಸು ಬರುತ್ತದೆ. ಟೈಲ್ಸ್ ಕೂಡ ನೀರು ಬೀಳುವ ಎತ್ತರದವರೆಗೆ ಮಾತ್ರ. ನೆಲ ಎತ್ತರಿಸುವುದು ಪೂರ್ತಿ ಕೈಬಿಟ್ಟೆವು. ಕಾಲಿರುವ ಟಬ್ ತಗೊಂಡರೆ ನೀರು ಹೋಗುವ ಟ್ರ್ಯಾಪ್ (ವಾಸನೆ ಬರದಂತೆ ನೀರು ನಿಲ್ಲುವ ಬಾಗಿದ ಪೈಪು) ಟಬ್ಬಿನ ಅಡಿಯಲ್ಲೇ, ನೆಲದ ಮೇಲೇ ಕೂರುತ್ತದೆ, ಪೈಪು ಪಕ್ಕದ ಗೋಡೆಯಲ್ಲಿ ನೇರ ಹೊರಗೆ. ಪೈಪು ಕಣ್ಣಿಗೆ ಕಾಣುತ್ತದೆ ಅಂತ ಅಕ್ಕ ಮುಖ ಸಣ್ಣ ಮಾಡಿದಳು. ಸೋರಿದರೆ ಅದೇ ದಿನ ಗೊತ್ತಾಗುತ್ತೆ ಅಂತ ಮೇಡಂ ಹೇಳಿದ ಮೇಲೆ ಒಪ್ಪಿದಳು. ಟಬ್ಬಿನ ಕಾಲುಗಳ ಅಡಿಗೆ ಅಗಲವಾದ ಕಬ್ಬಿಣದ ತಗಡು, ಭಾರ ನಾಲ್ಕು ಚುಕ್ಕಿಯಲ್ಲಿ ಒತ್ತದೆ ಹರಡಲಿ ಅಂತ.

ಟಬ್ ಯಾವ ದಿಕ್ಕಿಗೆ ಇಡಬೇಕು ಅನ್ನುವುದೂ ಸುಮ್ನೆ ವಿಷಯ ಅಲ್ಲ. ತೊಲೆಯ ಉದ್ದಕ್ಕೆ, ಕೋಣೆಯ ನಡುವೆ ಇಟ್ಟರೆ ಎರಡೇ ತೊಲೆ ಮೇಲೆ ಎಲ್ಲ ಭಾರ. ತೊಲೆಗೆ ಅಡ್ಡವಾಗಿ, ಗೋಡೆಗೆ ಒತ್ತಿ ಇಟ್ಟರೆ ನಾಲ್ಕು ತೊಲೆ ಹಂಚಿಕೊಳ್ಳುತ್ತವೆ, ಜೊತೆಗೆ ಗೋಡೆ ಹತ್ತಿರ ಇರುವುದರಿಂದ ತೊಲೆ ಬಾಗುವುದೂ ಕಡಿಮೆ. ಎರಡೂ ಸೇರಿ ಪ್ರತಿ ತೊಲೆಯ ಮೇಲಿನ ಒತ್ತಡ ಮೂರರಲ್ಲಿ ಒಂದು ಭಾಗಕ್ಕೆ ಇಳಿಯಿತು. ಪೈಸೆ ಖರ್ಚಿಲ್ಲದೆ ಸಿಕ್ಕ ಲಾಭ ಇದು. ಅಕ್ಕನಿಗೆ ಬೇಕಿದ್ದಿದ್ದು ಕಿಟಕಿಯ ಎದುರಿಗೆ, ನಡುವಿನಲ್ಲಿ. ಅದು ಆಗಲಿಲ್ಲ.

ರಿಪೇರಿ ಅವರು ಮಾಡುವುದಿಲ್ಲ, ಹೇಗೆ ಮಾಡಬೇಕು ಅಂತ ಚಿತ್ರ ಬರೆದು ಕೊಡುತ್ತಾರೆ. ಮೊದಲು ಮಳೆನೀರಿನ ಪೈಪು ಬದಲಾಯಿಸಿ, ಗೋಡೆ ಒಣಗಲಿ, ಆಮೇಲೆ ಉಳಿದದ್ದು ಅಂದರು. ಕೆಳಗೆ ಸೆಂಟ್ರಿಂಗ್ ಜಾಕಿ, ಅಂದರೆ ಭಾರ ಹೊರುವ ತಾತ್ಕಾಲಿಕ ಕಬ್ಬಿಣದ ಕಂಬ, ನಿಲ್ಲಿಸಿ ಎರಡೂ ತೊಲೆಯ ಕೊಳೆತ ಭಾಗ ಕೆತ್ತಿ ತೆಗೆದರು, ಗಟ್ಟಿ ಮರ ಸಿಗುವವರೆಗೆ. ಮರ ಮತ್ತೆ ಕೊಳೆಯದ ಹಾಗೆ ಬೋರಾಕ್ಸ್ ಬೋರಿಕ್ ದ್ರಾವಣ ಹಚ್ಚಿ, ತೊಲೆಯ ಎರಡೂ ಪಕ್ಕಕ್ಕೆ ಕಬ್ಬಿಣದ ಚಾನೆಲ್ (ಮೂರು ಬದಿಯ ಉದ್ದ ಪಟ್ಟಿ) ಇಟ್ಟು ಬೋಲ್ಟ್ ಹಾಕಿ ಬಿಗಿದು, ಚಾನೆಲ್‌ಗಳ ತುದಿಯನ್ನು ಗೋಡೆಯೊಳಗೆ ಒಂದು ಕಲ್ಲಿನ ಮೇಲೆ ಕೂರಿಸಿದರು. ತೊಲೆಯ ತುದಿಯ ಸುತ್ತ ಸಿಮೆಂಟ್ ಮೆತ್ತಬೇಡಿ, ಗಾಳಿ ಆಡಲು ಸ್ವಲ್ಪ ಜಾಗ ಬಿಡಿ ಅಂತ ಚಿತ್ರದಲ್ಲೇ ಬರೆದಿದ್ದರು. ಬೀದಿ ತುದಿಯ ವೆಲ್ಡಿಂಗ್ ಅಂಗಡಿಯವರೇ ಆ ಚಿತ್ರ ನೋಡಿ ಮಾಡಿದರು, ಅಷ್ಟು ಸ್ಪಷ್ಟವಾಗಿತ್ತು.

ರಿಪೇರಿ ಮುಗಿದ ಮೇಲೆ ನಡೆದ ಡ್ರಮ್ ಪರೀಕ್ಷೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. 200 ಲೀಟರಿನ ಎರಡು ಪ್ಲಾಸ್ಟಿಕ್ ಡ್ರಮ್ ಬಾಡಿಗೆಗೆ ತಂದು, ಟಬ್ ಬರುವ ಜಾಗದಲ್ಲಿ ಹಲಗೆ ಹಾಕಿ ಅದರ ಮೇಲೆ ನಿಲ್ಲಿಸಿದೆವು. ತುಂಬಿದಾಗ ಎರಡೂ ಸೇರಿ ಸುಮಾರು 420 ಕೆಜಿ, ಅಂದರೆ ಟಬ್ಬಿನ ಲೆಕ್ಕಕ್ಕಿಂತ ಕಾಲು ಭಾಗ ಜಾಸ್ತಿ. ಕಾಂಕ್ರೀಟ್ ಪರೀಕ್ಷೆಗೆ ಐಎಸ್ 456ರಲ್ಲಿ, ಅಂದರೆ ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕದಲ್ಲಿ, ಇರುವ ಲೆಕ್ಕವನ್ನೇ ಇಲ್ಲೂ ಅಳತೆಗೋಲಾಗಿ ಇಟ್ಟುಕೊಂಡರು: ಮೇಲೆ ಬರುವ ಭಾರದ ಒಂದೂಕಾಲು ಪಟ್ಟು, 24 ಗಂಟೆ. ಕೆಳಗೆ ಜಾಕಿಗಳು ಇದ್ದವು, ಆದರೆ ತೊಲೆಗೆ ತಾಗದ ಹಾಗೆ ಸಣ್ಣ ಸಂದು ಬಿಟ್ಟು, ಏನಾದರೂ ಆದರೆ ಹಿಡಿದುಕೊಳ್ಳಲಿ ಅಂತ ಅಷ್ಟೇ. ತೊಲೆಯ ನಡುವಿಗೆ ತಾಗುವಂತೆ ಒಂದು ಡಯಲ್ ಗೇಜ್ ನಿಲ್ಲಿಸಿದರು, ಗಡಿಯಾರದ ಮುಖದಂಥದ್ದು, ಮಿಲಿಮೀಟರಿನ ನೂರನೇ ಒಂದು ಭಾಗ ತೋರಿಸುತ್ತದೆ. ಮೇಲೆ ಮೇಸ್ತ್ರಿ ಪೈಪು ಹಿಡಿದು ಡ್ರಮ್ ತುಂಬಿಸುತ್ತಿದ್ದಾರೆ, ಕೆಳಗೆ ಅಪ್ಪ ಕುರ್ಚಿ ಹಾಕಿಕೊಂಡು ಮುಳ್ಳನ್ನೇ ನೋಡುತ್ತಾ ಕೂತಿದ್ದಾರೆ. ಮುಳ್ಳು ಮೆಲ್ಲಗೆ ಹೋಗಿ 0.6 ಮಿಲಿಮೀಟರಿನಲ್ಲಿ ನಿಂತಿತು. ಮಾರನೇ ದಿನ 0.7. ನೀರು ಬಿಟ್ಟ ಮೇಲೆ ವಾಪಸ್ 0.1ಕ್ಕೆ ಬಂತು. ಭಾರ ತೆಗೆದ ಮೇಲೆ ಮುಕ್ಕಾಲು ಭಾಗವಾದರೂ ಹಿಂದಕ್ಕೆ ಬರಬೇಕು ಅನ್ನುವುದು ನಿಯಮ, ನಮ್ಮದು ಅದಕ್ಕಿಂತ ಚೆನ್ನಾಗಿ ಬಂತು. ಅಪ್ಪ ಒಪ್ಪಿದ್ದು ಆಗ. ಲೆಕ್ಕದ ಹಾಳೆ ಅವರ ಭಯ ಕಡಿಮೆ ಮಾಡಿತ್ತು, ಆ ಮುಳ್ಳು ಪೂರ್ತಿ ತೆಗೆಯಿತು.

ಈ ಪರೀಕ್ಷೆಯನ್ನು ಓದಿ ನೀವೇ ಮನೆಯಲ್ಲಿ ಡ್ರಮ್ ತುಂಬಿಸಲು ಹೋಗಬೇಡಿ, ದಯವಿಟ್ಟು. ತೊಲೆ ನೋಡದೆ, ರಿಪೇರಿ ಮಾಡದೆ, ಜಾಕಿ ಇಲ್ಲದೆ ಮಾಡಿದರೆ ಅದು ಪರೀಕ್ಷೆ ಅಲ್ಲ, ಅಪಾಯ.

ಬೇರೆ ತರದ ಹಳೇ ಮನೆಗಳ ಬಗ್ಗೆಯೂ ಕೇಳಿ ತಿಳಿದುಕೊಂಡೆ, ನೆಂಟರ ಮನೆಗಳೆಲ್ಲ ಒಂದೊಂದು ತರ. ಕಲ್ಲು ಚಪ್ಪಡಿ ಹಾಸಿದ ಮನೆಯಾದರೆ ತುಂಬ ಹುಷಾರು: ಮರ ಬಾಗಿ ಮುನ್ಸೂಚನೆ ಕೊಡುತ್ತದೆ, ಕಲ್ಲು ಕೊಡುವುದಿಲ್ಲ, ಒಂದೇ ಸಲ ಮುರಿಯುತ್ತದೆ. ಚಪ್ಪಡಿಯಲ್ಲಿ ಕೂದಲೆಳೆ ಬಿರುಕು ಕಂಡರೂ ಅದರ ಮೇಲೆ ಏನೂ ಇಡಬಾರದು. ಎಪ್ಪತ್ತು ಎಂಬತ್ತರ ದಶಕದ ಆರ್‌ಸಿಸಿ ಮನೆಯಾದರೆ ಸೀಲಿಂಗಿನಲ್ಲಿ ಸರಳಿನ ಉದ್ದಕ್ಕೆ ಓಡುವ ಬಿರುಕು, ಉದುರಿದ ಗಾರೆ, ತುಕ್ಕಿನ ಕಲೆ ನೋಡಬೇಕು, ಅದರಲ್ಲೂ ಈಗಿರುವ ಬಾತ್‌ರೂಮಿನ ಅಡಿಯಲ್ಲಿ. ಅಲ್ಲಿ ಕೆಲವರು ಬರೀ ರೀಬೌಂಡ್ ಹ್ಯಾಮರ್ (ಕಾಂಕ್ರೀಟಿನ ಮೇಲ್ಮೈ ಎಷ್ಟು ಗಟ್ಟಿ ಅಂತ ತೋರಿಸುವ ಉಪಕರಣ) ಬಡಿದು ಕಾಂಕ್ರೀಟ್ ಚೆನ್ನಾಗಿದೆ ಅಂತ ಬರೆದುಕೊಟ್ಟು ಹೋಗುತ್ತಾರೆ. ಹಳೇ ಕಾಂಕ್ರೀಟಿನ ಮೇಲ್ಮೈ ವರ್ಷಗಳು ಕಳೆದಂತೆ ಗಟ್ಟಿಯಾಗಿರುತ್ತದೆ, ಹಾಗಾಗಿ ಹ್ಯಾಮರ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಒಳಗಿನ ಕಬ್ಬಿಣ ಎಷ್ಟು ಉಳಿದಿದೆ ಅಂತ ಅದು ಹೇಳುವುದೇ ಇಲ್ಲ. ಒಂದೆರಡು ಕಡೆ ಕೆತ್ತಿ ಸರಳು ನೋಡಲೇಬೇಕು.

ಅರ್ಧ ಅಂಕ ಕಡಿಮೆಯಾಗಿದ್ದು ಎರಡು ವಿಷಯಕ್ಕೆ. ವರದಿ ಪೂರ್ತಿ ಇಂಗ್ಲಿಷಿನಲ್ಲಿದೆ. ಮೇಜಿನ ಮೇಲೆ ಕನ್ನಡದಲ್ಲಿ ಅಷ್ಟು ಚೆನ್ನಾಗಿ ವಿವರಿಸಿದವರು, ಕೊನೆಗೆ ಒಂದು ಪುಟ ಕನ್ನಡದಲ್ಲಿ ಬರೆದುಕೊಟ್ಟಿದ್ದರೆ ಅಪ್ಪನಿಗೂ ಮೇಸ್ತ್ರಿಗೂ ಎಷ್ಟು ಅನುಕೂಲ ಆಗುತ್ತಿತ್ತು. ಚಿತ್ರ ಇದ್ದ ಕಡೆ ತೊಂದರೆಯಾಗಲಿಲ್ಲ, ಮಾತಿದ್ದ ಕಡೆ ನಾನು ಓದಿ ಹೇಳಬೇಕಾಯಿತು. ಎರಡನೆಯದು, ಗೋಡೆಯಲ್ಲಿ ಪೈಪಿಗೆ ತೂತು ಎಲ್ಲಿ ಕೊರೆಯಬಹುದು ಅಂತ ವರದಿಯಲ್ಲಿ ಇರಲಿಲ್ಲ. ಪ್ಲಂಬರ್ ಬಂದು ನಿಂತ ದಿನ ಮತ್ತೆ ಫೋನ್ ಮಾಡಿ ಕೇಳಿಕೊಂಡೆವು. ತೊಲೆ ಕೂತಿರುವ ಜಾಗದಿಂದ ಒಂದಡಿಯಾದರೂ ದೂರ ಕೊರೆಯಿರಿ ಅಂದರು. ಇಷ್ಟು ಮುಖ್ಯವಾದ ಮಾತು ಬರವಣಿಗೆಯಲ್ಲೇ ಇರಬೇಕಿತ್ತು. ನೀವು ಯಾರನ್ನೇ ಕರೆಸಿದರೂ ಇದನ್ನು ಮುಂಚೆಯೇ ಕೇಳಿ ಬರೆಸಿಕೊಳ್ಳಿ.

12,000ದಲ್ಲಿ ಮನೆ ನೋಡುವುದು, ಲೆಕ್ಕ, ವರದಿ, ರಿಪೇರಿ ಚಿತ್ರ, ಡ್ರಮ್ ಪರೀಕ್ಷೆ ಎಲ್ಲ ಸೇರಿತ್ತು. ಡ್ರಮ್, ಜಾಕಿ ಬಾಡಿಗೆ ನಮ್ಮದು. ಕರೆಸುವ ಮುಂಚೆ ಫೋನಿನಲ್ಲಿ ಒಂದು ಮಾತು ಕೇಳಿ ನೋಡಿ: ತೊಲೆಯ ತುದಿಯನ್ನು ಹೇಗೆ ಪರೀಕ್ಷೆ ಮಾಡುತ್ತೀರಿ ಅಂತ. ಉತ್ತರದಲ್ಲೇ ಮರದ ಕೆಲಸ ಗೊತ್ತಿರುವವರು ಯಾರು ಅಂತ ತಿಳಿಯುತ್ತದೆ. ಸಾಧ್ಯವಾದರೆ ಮಳೆಗಾಲ ಮುಗಿಯುವ ಹೊತ್ತಿಗೆ ಕರೆಸಿ, ತೇವ ಎಲ್ಲಿದೆ ಅಂತ ಆಗ ಚೆನ್ನಾಗಿ ಕಾಣುತ್ತದೆ. ಬೇಸಿಗೆಯಲ್ಲಿ ಎಲ್ಲ ಒಣಗಿ ಮೀಟರ್ ಕೂಡ ಒಳ್ಳೆ ಸಂಖ್ಯೆ ತೋರಿಸಿಬಿಡಬಹುದು.

ಟಬ್ ಈಗ ಕೂತಿದೆ, ಅಕ್ಕ ದಿನಾ ಬಳಸುತ್ತಿದ್ದಾಳೆ. ಕೆಳಗಿನ ನಡುಮನೆಗೆ ಪೇಂಟರ್ ಬಂದಾಗ, ತೊಲೆ ಕಾಣದ ಹಾಗೆ ಫಾಲ್ಸ್ ಸೀಲಿಂಗ್ ಮಾಡಿಸಿ ಅಂದರು. ವರದಿಯ ಕೊನೆಯ ಪುಟ ತೆಗೆದು ತೋರಿಸಿದೆ. ಟಬ್ಬಿನ ಅಡಿಯ ನಾಲ್ಕು ತೊಲೆಗಳನ್ನು ಎಂದೂ ಮುಚ್ಚಬಾರದು, ವರ್ಷಕ್ಕೊಮ್ಮೆ ಮಳೆ ಮುಗಿದ ಮೇಲೆ ಏಣಿ ಹಾಕಿ ತುದಿಗಳನ್ನು ಚುಚ್ಚಿ ನೋಡಬೇಕು ಅಂತ ಅದರಲ್ಲಿದೆ. ಈ ವರ್ಷ ಅಕ್ಟೋಬರಿನಲ್ಲಿ ನೋಡಿದಾಗ ರಿಪೇರಿಯಾದ ಎರಡೂ ತೊಲೆಯ ತುದಿಯಲ್ಲಿ ತೇವ ಶೇಕಡಾ 14 ಇತ್ತು.